ಚಿಗರಿಯ ಬಳಗ, ಹಿಕ್ಕೆಯ ಸಾಕ್ಷಿ

ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮಕ್ತಲ್, ಕೃಷ್ಣಾ ಮಂಡಲಗಳ ಎರೆ ಹೊಲಗಳಲ್ಲಿ ಬೆಳೆ ಮೊಳಕೆಯೊಡೆದರೆ ಸಾಕು, ಚಿಗರಿಗಳ ಹಿಂಡು ಇಳಿಯುತ್ತದೆ. ಹಿಂಡು ಮೇಯ್ದ ಸಾಲಿಗೆ ರೈತ ಮತ್ತೆ ಬೀಜ ಹಾಕಬೇಕು. ಈ ಕೃಷ್ಣಮೃಗಗಳನ್ನು ಹಿಡಿದು ಬೇರೆಡೆ ಬಿಡಿ ಎಂಬ ರೈತರ ಬೇಡಿಕೆ ನ್ಯಾಯವಾದದ್ದೇ. ಆದರೆ ಸಾಗಿಸುವ ಮುನ್ನ ಈ ಹಿಂಡುಗಳ ನೆಂಟಸ್ತಿಕೆ ತಿಳಿದಿರಬೇಕು.

ಅದನ್ನು ತಿಳಿಸಬಲ್ಲದ್ದು ಹಿಕ್ಕೆ. ಕರುಳಿನಿಂದ ಜಾರಿ ಬರುವಾಗ ಅದರ ಮೇಲ್ಮೈಗೆ ಒಳಪದರದ ಜೀವಕೋಶಗಳು ಅಂಟಿಕೊಳ್ಳುತ್ತವೆ. ಡಿಎನ್‌ಎ ಸಿಗುವುದು ಅಲ್ಲಿ. ನೆಲೆ ಹಿಡಿದ ಗಂಡು ಒಂದೇ ಜಾಗದಲ್ಲಿ ಹಿಕ್ಕೆ ಹಾಕುವುದರಿಂದ ರಾಶಿಯೇ ದೊರೆಯುತ್ತದೆ. ಪ್ರಾಣಿಯನ್ನು ಮುಟ್ಟಬೇಕಾಗಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನನ್ಯಾ ಜಾನಾ ಮತ್ತು ಪ್ರವೀಣ್ ಕಾರಂತ್ ಎಂಟು ರಾಜ್ಯಗಳ 12 ಕಡೆಗಳ ಹಿಕ್ಕೆಯನ್ನು ಹೀಗೆ ಪರೀಕ್ಷಿಸಿದರು. ದೇಶದ ಕೃಷ್ಣಮೃಗಗಳಲ್ಲಿ ಉತ್ತರ, ದಕ್ಷಿಣ, ಪೂರ್ವ ಎಂಬ ಮೂರು ಬಳಗಗಳು ಕಂಡವು. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ; ಕೋಶಕೇಂದ್ರದ್ದು ತಂದೆತಾಯಿ ಇಬ್ಬರಿಂದಲೂ ಬರುತ್ತದೆ. ಎರಡನ್ನೂ ಹೋಲಿಸಿದಾಗ, ಹೆಣ್ಣುಗಳು ಬಹುಮಟ್ಟಿಗೆ ಹುಟ್ಟಿದ ಸೀಮೆಯಲ್ಲೇ ಉಳಿಯುತ್ತವೆ, ಊರು ದಾಟಿ ವಂಶವಾಹಿಗಳನ್ನು ಹಂಚುವುದು ಹೆಚ್ಚಾಗಿ ಗಂಡುಗಳೇ ಎಂದು ತಿಳಿಯಿತು.

ಹೆಣ್ಣು ಹೀಗೆ ತವರಿಗೆ ಅಂಟಿಕೊಳ್ಳುವುದು ಚಿಗರಿಯಲ್ಲಿ ಮಾತ್ರವಲ್ಲ; ದೂರ ಸಂಚರಿಸುವ ಶಾರ್ಕ್‌ಗಳಲ್ಲೂ ತವರಿನ ಸೆಳೆತವಿದೆ. ಬಹಾಮಾಸ್‌ನ ಬಿಮಿನಿಯಲ್ಲಿ ಹುಟ್ಟಿದ ನಿಂಬೆ ಶಾರ್ಕ್ ಹೆಣ್ಣುಗಳು ವರ್ಷಗಳ ನಂತರ ಮರಿಹಾಕಲು ಅಲ್ಲಿಗೇ ಮರಳಿದ್ದನ್ನು ಡಿಎನ್‌ಎ ತೋರಿಸಿದೆ. ಅಂಥ ಒಂದು ನೆಲೆ ಹಾಳಾದರೆ, ಬೇರೆ ಕಡಲಿನಲ್ಲಿ ಎಷ್ಟೇ ಶಾರ್ಕ್‌ಗಳಿದ್ದರೂ ಆ ತಾಯಿವಂಶ ಮರಳಿ ಬರುವುದು ಕಷ್ಟ.

ಚಿಗರಿಯ ವಿಷಯದಲ್ಲೂ ಅಷ್ಟೇ. ಒಂದು ಸೀಮೆಯ ಹೆಣ್ಣುಗಳನ್ನೆಲ್ಲ ಎತ್ತಿಬಿಟ್ಟರೆ ಆ ಜಾಗವನ್ನು ಅಲೆಮಾರಿ ಗಂಡುಗಳು ತುಂಬಲಾರವು. ಗಂಡುಗಳ ದಾರಿಯನ್ನು ಬೇಲಿ, ಕಾಲುವೆಗಳಿಂದ ಕಟ್ಟಿಬಿಟ್ಟರೆ ಉಳಿದ ಹಿಂಡಿನಲ್ಲಿ ಒಳಸಂಬಂಧ ಹೆಚ್ಚುತ್ತದೆ. ಅಟ್ಟಿಸಿಕೊಂಡು ಹೋಗಿ ಹಿಡಿಯುವುದೂ ಅಪಾಯವೇ: ಗಾಬರಿಯ ಓಟದಲ್ಲಿ ಮೈ ಕಾದು, ಸ್ನಾಯುಗಳು ಕರಗಿ, ಸಿಕ್ಕ ಪ್ರಾಣಿ ಕೆಲ ಗಂಟೆ ಅಥವಾ ದಿನಗಳಲ್ಲಿ ಸಾಯಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗಕ್ಕೆ ಮೊದಲ ಪರಿಚ್ಛೇದದ ರಕ್ಷಣೆ ಕೊಟ್ಟಿದೆ. ಆ ರಕ್ಷಣೆಯ ಬೆಲೆಯನ್ನು ಮಕ್ತಲ್‌ನ ರೈತನೊಬ್ಬನೇ ತೆರುವಂತಾಗಬಾರದು. ಬೆಳೆ ಪರಿಹಾರ ಆ ಹಂಗಾಮಿನಲ್ಲೇ ಕೈಸೇರಲಿ. ಸ್ಥಳಾಂತರಕ್ಕೆ ಮೊದಲು ಮಕ್ತಲ್, ಗದ್ವಾಲ, ರಾಯಚೂರು, ಯಾದಗಿರಿ ಸೀಮೆಗಳಲ್ಲಿ ಹಿಂಡು ಇರುವೆಡೆಯೆಲ್ಲ ಹಿಕ್ಕೆ ಕಲೆಹಾಕಿ ಪರೀಕ್ಷಿಸಲಿ. ಚಿಗರಿಗೆ ರಾಜ್ಯದ ಗಡಿ ಗೊತ್ತಿಲ್ಲ. ತೆಲಂಗಾಣ, ಕರ್ನಾಟಕದ ಅರಣ್ಯ ಇಲಾಖೆಗಳು ಕೂಡಿಯೇ ಯೋಜನೆ ಮಾಡಬೇಕು.