ಅದು ಹಮ್ಮಿಂಗ್ ಬರ್ಡ್ ಅಲ್ಲ, ನಮ್ಮ ಸೂರಕ್ಕಿ

"ಸರ್, ನಮ್ಮ ತೋಟಕ್ಕೆ ಹಮ್ಮಿಂಗ್ ಬರ್ಡ್ ಬಂದಿದೆ!" ಆನೇಕಲ್, ಸರ್ಜಾಪುರ, ಹೊಸಕೋಟೆ ಕಡೆಯ ಹುಡುಗರಿಂದ ಇಂಥ ವಿಡಿಯೋ ನನ್ನ ವಾಟ್ಸಾಪ್‌ಗೆ ಆಗಾಗ ಬರುತ್ತೆ. ಹಮ್ಮಿಂಗ್ ಬರ್ಡ್ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ. ನಿಮ್ಮ ಫೋನಿಗೆ ಸಿಕ್ಕಿದ್ದು ಸೂರಕ್ಕಿ. ಎರಡಕ್ಕೂ ಹತ್ತಿರದ ನೆಂಟಸ್ತನ ಇಲ್ಲ, ಇಬ್ಬರಿಗೂ ಮಕರಂದದ ಚಪಲ ಅಷ್ಟೇ. ಅದು ಗಾಳಿಯಲ್ಲಿ ನಿಂತೇ ಕುಡಿಯುತ್ತೆ, ಇದು ಹೆಚ್ಚಾಗಿ ಕೊಂಬೆ ಹಿಡಿದು ಕೂತು ಕುಡಿಯುತ್ತೆ. ತಮಾಷೆ ನೋಡಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಅಪಾರ್ಟ್‌ಮೆಂಟ್‌ಗಳ ಬೇಲಿಗೆ ಹಾಕುವ ಕಿತ್ತಳೆ ಹೂವಿನ ಹಮೇಲಿಯಾ ಅಮೆರಿಕದ ಗಿಡ. ಅಲ್ಲಿ ಅದರ ಗಿರಾಕಿ ಹಮ್ಮಿಂಗ್ ಬರ್ಡ್, ಇಲ್ಲಿ ಸೂರಕ್ಕಿ.

ನಮ್ಮ ಕಡೆ ಹೆಚ್ಚು ಕಾಣೋದು ಎರಡು ಜಾತಿ. ಒಂದರ ಗಂಡು ಪೂರ್ತಿ ಕಪ್ಪು, ಬಿಸಿಲು ಬಿದ್ದರೆ ನೇರಳೆ ಮಿಂಚು. ಮರಿ ಮಾಡುವ ಕಾಲ ಮುಗಿದ ಮೇಲೆ ಆ ಬಣ್ಣ ಕಳಚಿ, ಹಳದಿ ಎದೆಯ ನಡುವೆ ಒಂದು ಕಪ್ಪು ಪಟ್ಟೆ ಉಳಿಯುತ್ತೆ. ಇನ್ನೊಂದರದು ಹಳದಿ ಹೊಟ್ಟೆ, ಗಂಡಿನ ಸೊಂಟ ನೇರಳೆ. ಉದ್ದ 10 ಸೆಂ.ಮೀ. ಕೂಡ ಇಲ್ಲ.

ಗೂಡು ಕಟ್ಟೋದು ಹೆಣ್ಣು. ಜೇಡರ ಬಲೆ, ನಾರು, ತೊಗಟೆ ಚೂರು ಸೇರಿಸಿ, ಕಸ ನೇತಾಡ್ತಿದೆ ಅನ್ನೋ ಹಾಗೆ ಹೆಣೆಯುತ್ತೆ. ಬಾಗಿಲ ಮೇಲೆ ಸಣ್ಣ ಸಜ್ಜಾ ಬೇರೆ! ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು ಎರಡು ವಾರ ಕಾವು. ಮರಿಗೆ ಮಕರಂದ ಸಾಲಲ್ಲ, ಹುಳ, ಜೇಡ ಬೇಕು. ಗಂಡು ಹೆಣ್ಣು ಎರಡೂ ಅವನ್ನು ಹಿಡಿದು ತರೋದು ನಿಮ್ಮ ಗಿಡದಿಂದಲೇ. ಹಾಗಾಗಿ ಹೂ ಅರಳಿರುವಾಗ ಬೆಳಗ್ಗೆ ಕೀಟನಾಶಕ ಹೊಡೆಯಬೇಡಿ. ಹೊಡೆಯಲೇಬೇಕಾದರೆ ಇಳಿಸಂಜೆ ಹೊಡೆಯಿರಿ, ಜೇನುಹುಳಕ್ಕೂ ಒಳ್ಳೆಯದು.

ಮಾವಿನ ತೋಟದವರಿಗೆ ಇನ್ನೊಂದು ಮಾತು. ಕೊಂಬೆ ಮೇಲೆ ಬದನಿಕೆ ಹಬ್ಬಿದ್ದಕ್ಕೆ ಸೂರಕ್ಕಿಯನ್ನು ಬೈಯೋರಿದ್ದಾರೆ, ಕವಣೆ ಹಿಡಿಯೋರೂ ಇದ್ದಾರೆ. ಬದನಿಕೆ ಹೂವಿಗೆ ಸೂರಕ್ಕಿ ಪರಾಗಸ್ಪರ್ಶ ಮಾಡೋದು ನಿಜ. ಆದರೆ ಹಣ್ಣು ತಿಂದು ಅಂಟು ಬೀಜವನ್ನು ಕೊಂಬೆಗೆ ಒರೆಸಿ ಹೋಗೋದು ಹೆಚ್ಚಾಗಿ ಬದನಿಕೆ ಹಕ್ಕಿ, ಅದು ಬೇರೆಯೇ ಹಕ್ಕಿ. ಯಾವುದನ್ನೂ ಹೊಡೆಯೋದು ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಹೊಡೆದರೂ ಮರದ ಮೇಲಿನ ಬದನಿಕೆ ಹೋಗಲ್ಲ. ಹಣ್ಣಾಗೋ ಮೊದಲೇ ಕೊಂಬೆಯನ್ನು, ಬದನಿಕೆ ಅಂಟಿದ ಗಂಟಿಗಿಂತ ಸ್ವಲ್ಪ ಕೆಳಗೆ, ಗಂಟಿನ ಸಮೇತ ಕತ್ತರಿಸಿ. ಬರೀ ಎಲೆ ಸವರಿದರೆ ಮತ್ತೆ ಚಿಗುರುತ್ತೆ. ಪಕ್ಕದ ಹೊಂಗೆ ಮರವನ್ನೂ ಒಮ್ಮೆ ನೋಡಿ, ಅಲ್ಲಿಂದಲೂ ಬರಬಹುದು.

ಒಂದು ಕಳ್ಳತನ ಮಾತ್ರ ಒಪ್ಪಿಕೊಳ್ಳಬೇಕು. ದಾಸವಾಳದಂಥ ದೊಡ್ಡ ಹೂವಿನ ಬುಡಕ್ಕೆ ಸೂರಕ್ಕಿ ತೂತು ಹಾಕಿ, ಪರಾಗ ಮುಟ್ಟದೇ ಮಕರಂದ ಹೀರುತ್ತೆ. ಅದರಿಂದ ನಮಗೇನು ನಷ್ಟ ಅಂತ ನನಗನ್ನಿಸಲ್ಲ.

ವಿಡಿಯೋ ಕಳಿಸ್ತಾ ಇರಿ. ಗೂಡು ಕಂಡರೆ ಮಾತ್ರ ದೂರ ನಿಂತು ಜೂಮ್ ಮಾಡಿ. ಫೋನು ಹತ್ತಿರ ಹಿಡಿದರೆ ಹೆಣ್ಣು ಹೆದರಿ ಗೂಡು ಬಿಟ್ಟೇ ಹೋಗಬಹುದು.