ಮಸಾಯಿ ಮಾರಾದಲ್ಲಿ ಕ್ಯಾಮೆರಾ ಎತ್ತುವ ಮುನ್ನ

ಕೀನ್ಯಾದ ಮಸಾಯಿ ಮಾರಾ. ಜುಲೈನಿಂದ ಅಕ್ಟೋಬರ್ ಒಳಗೆ ಹೋದ್ರೆ ವೈಲ್ಡ್‌ಬೀಸ್ಟ್ ಹಿಂಡುಗಳು ಮಾರಾ ನದಿ ದಾಟೋದು ಸಿಗಬಹುದು. ಸಿಗಬಹುದು, ಅಷ್ಟೇ! ದಡದಲ್ಲಿ ಗಂಟೆಗಟ್ಟಲೆ ನಿಂತು, ಹಿಂಡು ಬಂದ ದಾರೀಲೇ ವಾಪಸ್ ಹೋಗಿಬಿಡೋದೂ ಉಂಟು.

ಸಮಭಾಜಕ ವೃತ್ತ ಇಲ್ಲಿಗೆ ಹತ್ತಿರ. ಸೂರ್ಯ ನೆಟ್ಟಗೆ ಮೇಲೇರ್ತಾನೆ, ಎಳೆಬಿಸಿಲು ಬೇಗ ಮುಗಿದುಹೋಗುತ್ತೆ. ಹಾಗಾಗಿ ಕತ್ತಲಿರುವಾಗಲೇ ಎದ್ದು ಹೊರಡಿ. ಜೀಪಲ್ಲಿ ಟ್ರೈಪಾಡ್ ಬರೀ ತೊಡಕು. ಕಿಟಕಿ ಮೇಲೆ ಬೀನ್ ಬ್ಯಾಗ್ ಇಟ್ಟು ಲೆನ್ಸ್ ಊರಿ. ಎಂಜಿನ್ ಆಫ್ ಮಾಡಿಸಿ, ಇಲ್ಲಾಂದ್ರೆ ಚಿತ್ರ ಅಲುಗಾಡುತ್ತೆ. ಓಡೋ ಚೀತಾಗೆ ಶಟರ್ ಸ್ಪೀಡ್ 1/2000 ಇರಲಿ.

ಈಗ ಜನ. ಮಾರಾ ಸುತ್ತಲಿನ ಕನ್ಸರ್ವೆನ್ಸಿಗಳಲ್ಲಿ (ವನ್ಯಜೀವಿ ಸಂರಕ್ಷಣಾ ಪ್ರದೇಶಗಳಲ್ಲಿ) ನೆಲದ ಒಡೆಯರು ಇಲ್ಲಿನ ಮಸಾಯಿ ಜನರೇ. ಪ್ರವಾಸಿ ಕ್ಯಾಂಪ್‌ನವರು ಅವರಿಗೆ ಬಾಡಿಗೆ ಕೊಡ್ತಾರೆ. ಅಂದ್ರೆ ನೀವು ನಿಂತಿರೋದು ಅವರ ಅಂಗಳದಲ್ಲಿ. ಕೇಳದೆ ಕ್ಲಿಕ್ ಮಾಡಬೇಡಿ. ಹಳ್ಳಿಗೆ ಹೋಗೋ ಮೊದಲೇ ಗೈಡ್ ಮೂಲಕ ಶುಲ್ಕ ಮಾತಾಡಿಕೊಳ್ಳಿ. "ಫೋಟೋಗೂ ದುಡ್ಡಾ?" ಅಂತ ಗೊಣಗ್ತೀರಾ? ಲೆನ್ಸಿಗೆ ಲಕ್ಷ ಸುರಿದಿದ್ದೀರಲ್ಲ ಸ್ವಾಮಿ!

ಅವರು ಹೊದೆಯೋ ಕೆಂಪು ಬಟ್ಟೆ, ಶುಕಾ, ಕ್ಯಾಮೆರಾಗೆ ದೊಡ್ಡ ಪರೀಕ್ಷೆ. ಬಿಸಿಲಲ್ಲಿ ಆ ಕೆಂಪು ಉರಿದುಹೋಗಿ, ನೇಯ್ಗೆ ಗೆರೆಗಳೇ ಕಾಣಲ್ಲ. ಎಕ್ಸ್‌ಪೋಶರ್ ಸ್ವಲ್ಪ ಇಳಿಸಿದ್ರೆ ಬಟ್ಟೆ ಉಳಿಯುತ್ತೆ, ಮುಖ ಕಪ್ಪಾಗುತ್ತೆ. ಅದಕ್ಕೇ ಅವರನ್ನ ಕೇಳಿಕೊಂಡು, ಗುಡಿಸಲ ನೆರಳಲ್ಲಿ ತೆಗೀರಿ. ಯುವಕರು ನಿಂತಲ್ಲೇ ಎಗರೋ ಅಡುಮು ಕುಣಿತಕ್ಕೆ ಮಾತ್ರ ನೆಲದ ಮೇಲೆ ಕೂತುಬಿಡಿ. ಕಾಲಿಗೂ ನೆಲಕ್ಕೂ ನಡುವಿನ ಅಂತರ ಆಗಲೇ ಕಾಣೋದು.

ಡ್ರೋನ್? ಅನುಮತಿ ಇಲ್ಲದೆ ಹಾರಿಸೋ ಹಾಗಿಲ್ಲ, ಮನೇಲೇ ಬಿಡಿ.