ಅಲಗಿನ ಮೇಲೆ ನಿಂತ ಆಟ

ಮುಂಗಾರು ಹಿಡಿದು ಬೆಳೆ ಗೇಣುದ್ದ ಎದ್ದ ಮೇಲೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಎಡೆಕುಂಟೆಗಳು ಹೊರಬರುತ್ತವೆ. ಅವುಗಳ ಮೊಂಡಾದ ಕುಡ, ಅಂದರೆ ಕಬ್ಬಿಣದ ಅಲಗು, ಮೊದಲು ಹೋಗುವುದು ಕುಲುಮೆಗೆ. ಕಂಬಾರ ಅದನ್ನು ಕೆಂಪಗೆ ಕಾಯಿಸಿ, ಹಣಿದು, ನೀರಿಗೆ ಅದ್ದಿ ಕೊಡುತ್ತಾನೆ. ರೈತ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡುತ್ತಾನೆ. ಅಲ್ಲಿಗೇ ಕೆಲಸ ಮುಗಿಯುವುದಿಲ್ಲ. ಹೊಲದಲ್ಲಿ ನಾಲ್ಕು ಹೆಜ್ಜೆ ಹೊಡೆದು ನೋಡಬೇಕು. ಕುಡದ ಮೂತಿ ಹೆಚ್ಚು ಕೆಳಗಾದರೆ ಅದು ಮಣ್ಣಿಗೆ ಆಳವಾಗಿ ಇಳಿದು ಎತ್ತುಗಳು ಏದುಸಿರು ಬಿಡುತ್ತವೆ. ಹೆಚ್ಚು ಮಲಗಿದರೆ ಕಸದ ತಲೆ ಮಾತ್ರ ಹೋಗಿ ಬೇರು ಹಾಗೇ ಉಳಿಯುತ್ತದೆ. ಅಲಗು ಎಷ್ಟು ಹರಿತ, ಅದು ಎಷ್ಟು ವಾಲಿ ನೆಲಕ್ಕೆ ತಾಗಬೇಕು, ಈ ಎರಡರ ಹದ ಗೊತ್ತಿದ್ದವನೇ ಒಕ್ಕಲಿಗ.

ಹಾವೇರಿ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳಲ್ಲಿ ಹಿಮ ಬಿದ್ದದ್ದನ್ನು ಯಾರೂ ಕಂಡಿಲ್ಲ. ಆದರೂ ಹಿಮದ ಮೇಲೆ ಆಡುವ ಒಂದು ಆಟದ ಗುಟ್ಟು ಇಲ್ಲಿನ ರೈತನಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಅದು ಸ್ನೋಬೋರ್ಡ್. ಅದರಲ್ಲೂ ಹಿಮವನ್ನು ಅಲಗಿನಿಂದ ಕೊರೆಯುತ್ತ ಇಳಿಯುವ ಆಲ್ಪೈನ್ ಕಾರ್ವಿಂಗ್.

ಸ್ನೋಬೋರ್ಡಿನ ವಯಸ್ಸು ದೊಡ್ಡದಲ್ಲ. 1965ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಊರಿನಲ್ಲಿ ಶೆರ್ಮನ್ ಪೊಪ್ಪೆನ್ ಎಂಬ ಎಂಜಿನಿಯರ್ ಮಕ್ಕಳ ಆಟಕ್ಕೆಂದು ಎರಡು ಸ್ಕೀ ಪಟ್ಟಿಗಳನ್ನು ಜೋಡಿಸಿ ಕಟ್ಟಿದ್ದೇ ಅದರ ಮೂಲ. 1998ರಲ್ಲಿ ಜಪಾನಿನ ನಗಾನೊದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ಗೆ ಈ ಆಟ ಮೊದಲ ಬಾರಿ ಬಂತು. 2002ರಿಂದ ಇಬ್ಬರು ಆಟಗಾರರು ಅಕ್ಕಪಕ್ಕದ ಹಾದಿಗಳಲ್ಲಿ ಒಟ್ಟಿಗೇ ಇಳಿಯುವ ಪ್ಯಾರಲಲ್ ಜೈಂಟ್ ಸ್ಲಾಲಮ್ ಒಲಿಂಪಿಕ್ಸ್‌ನಲ್ಲಿ ನಡೆಯುತ್ತಿದೆ. ಕಾರ್ವಿಂಗ್ ಬೋರ್ಡಿನ ದೊಡ್ಡ ಅಖಾಡ ಅದೇ.

ಸಾಮಾನ್ಯ ಸವಾರರು ತಿರುಗುವಾಗ ಬೋರ್ಡನ್ನು ಅಡ್ಡ ಮಾಡಿ ಹಿಮವನ್ನು ಕೆರೆಯುತ್ತ ಜಾರುತ್ತಾರೆ. ಹಿಂದೆ ಉಳಿಯುವುದು ಅಗಲವಾಗಿ ಬಳಿದ ಗುರುತು. ಕಾರ್ವಿಂಗ್‌ನಲ್ಲಿ ಬೋರ್ಡು ಅಡ್ಡ ಜಾರುವುದೇ ಇಲ್ಲ. ಅಂಚಿನ ಉಕ್ಕಿನ ಪಟ್ಟಿಯ ಮೇಲೆ ವಾಲಿ ನಿಂತು, ತಾನು ಕೊರೆದ ಗೀರಿನಲ್ಲೇ ಓಡುತ್ತದೆ. ಹಿಂದಿರುಗಿ ನೋಡಿದರೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಬಾಗುಗೆರೆ. ಆ ಗೆರೆ ಎಷ್ಟು ತೆಳುವಾಗಿದ್ದರೆ ಅಷ್ಟು ವೇಗ ಉಳಿಯಿತೆಂದು ಲೆಕ್ಕ.

ತಿರುಗುವ ಗುಣ ಬೋರ್ಡಿನ ಆಕಾರದಲ್ಲೇ ಇದೆ. ಎರಡೂ ತುದಿ ಅಗಲ, ನಡು ಸಪೂರ. ಆ ನಡುವಿನ ಬಾಗನ್ನು ಮುಂದುವರಿಸಿ ಪೂರ್ತಿ ವೃತ್ತ ಬರೆದರೆ ಅದರ ತ್ರಿಜ್ಯ ಬೋರ್ಡಿನ ತ್ರಿಜ್ಯ. ಅದು 12 ಮೀಟರ್ ಇದೆ ಎಂದುಕೊಳ್ಳಿ. ಬೋರ್ಡನ್ನು ಹಿಮದ ಮೇಲೆ 60 ಡಿಗ್ರಿ ವಾಲಿಸಿದರೆ ತಿರುವಿನ ತ್ರಿಜ್ಯ ಹೆಚ್ಚುಕಡಿಮೆ ಅರ್ಧಕ್ಕೆ, ಅಂದರೆ 6 ಮೀಟರಿಗೆ ಇಳಿಯುತ್ತದೆ. ಹೈಸ್ಕೂಲಿನಲ್ಲಿ ಕಲಿತ ಕೊಸೈನ್ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ವಾಲಿಸಿದಷ್ಟೂ ತಿರುವು ಬಿಗಿ. ಹಾಗಾಗಿ ಕಾರ್ವಿಂಗ್ ಸವಾರನ ಜಾಣತನವೆಲ್ಲ ಬೀಳದೆ ಎಷ್ಟು ವಾಲಬಲ್ಲ ಅನ್ನುವುದರಲ್ಲಿದೆ.

ವಾಲಲು ಅಡ್ಡಿ ಬರುವುದು ಪಾದ. ಕಾರ್ವಿಂಗ್ ಬೋರ್ಡಿನ ನಡುವಿನ ಅಗಲ ಸುಮಾರು 18ರಿಂದ 20 ಸೆಂಟಿಮೀಟರ್. ಬೂಟಿನ ಉದ್ದ 30 ಸೆಂಟಿಮೀಟರ್ ಆಸುಪಾಸು. ಅದನ್ನು ಅಡ್ಡಲಾಗಿ ಇಟ್ಟರೆ ಮೂತಿ, ಹಿಮ್ಮಡಿ ಎರಡೂ ಹೊರಗೆ ಚಾಚುತ್ತವೆ. ಬೋರ್ಡು ವಾಲಿದ ಕೂಡಲೇ ಬೂಟು ಹಿಮಕ್ಕೆ ತಗುಲಿ ಅಲಗನ್ನು ಮೇಲೆತ್ತುತ್ತದೆ, ಸವಾರ ನೆಲಕ್ಕೆ ಬೀಳುತ್ತಾನೆ. ಆದ್ದರಿಂದ ಕಾಲುಗಳನ್ನು ಮುಂದಕ್ಕೆ ತಿರುಗಿಸಿ ಕಟ್ಟುತ್ತಾರೆ. ಮುಂಗಾಲು 55ರಿಂದ 65 ಡಿಗ್ರಿ, ಹಿಂಗಾಲು ಅದಕ್ಕಿಂತ ಕೆಲವು ಡಿಗ್ರಿ ಕಡಿಮೆ. ಕಾಲಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಬೂಟು, ಅದನ್ನು ಹಿಡಿಯಲು ಹಿಂದೆ ಮುಂದೆ ಉಕ್ಕಿನ ಕೊಂಡಿಯಿರುವ ತಟ್ಟೆ.

ಹೀಗೆ ನಿಂತರೆ ಮೊಣಕಾಲಿಗೆ ಕಷ್ಟ. ಅದನ್ನು ತಪ್ಪಿಸಲು ಮುಂಗಾಲಿನ ಬೆರಳ ಕಡೆ, ಹಿಂಗಾಲಿನ ಹಿಮ್ಮಡಿಯ ಕಡೆ ಕೆಲವು ಡಿಗ್ರಿ ಎತ್ತರಿಸುವ ಬೆಣೆ ಇಡುತ್ತಾರೆ. ಎರಡು ಪಾದಗಳ ನಡುವಿನ ಅಂತರವನ್ನು ಸವಾರನ ಎತ್ತರ ನೋಡಿ ಗೊತ್ತುಮಾಡುತ್ತಾರೆ. ಒಬ್ಬರಿಗೆ ಕೂಡಿಬಂದ ಜೋಡಣೆ ಇನ್ನೊಬ್ಬರ ಮೊಣಕಾಲು ನೋಯಿಸಬಹುದು. ಆದ್ದರಿಂದ ಒಮ್ಮೆಗೆ ಒಂದನ್ನೇ ಬದಲಿಸಿ, ಇಳಿದು ನೋಡಿ, ಬರೆದಿಟ್ಟುಕೊಳ್ಳುವುದು ಸರಿಯಾದ ದಾರಿ. ಎರಡು ತಿರುಪುಗಳನ್ನು ಒಟ್ಟಿಗೇ ತಿರುಗಿಸಿದವರಿಗೆ ಯಾವುದರಿಂದ ಗುಣವಾಯಿತು ಎಂದು ಕೊನೆಗೂ ತಿಳಿಯುವುದಿಲ್ಲ.

ಇನ್ನು ಅಲಗು. ಬೋರ್ಡಿನ ಸುತ್ತ ಹಾಯ್ದ ಉಕ್ಕಿನ ಪಟ್ಟಿಗೆ ಎರಡು ಮುಖ. ಒಂದು ಕೆಳಗೆ ಹಿಮದತ್ತ, ಇನ್ನೊಂದು ಪಕ್ಕಕ್ಕೆ. ಕೆಳಮುಖವನ್ನು ಅರ್ಧದಿಂದ ಒಂದು ಡಿಗ್ರಿ ಮೇಲಕ್ಕೆ ಇಳಿಜಾರು ಮಾಡುತ್ತಾರೆ. ಬೋರ್ಡು ಸಮನಾಗಿ ಜಾರುವಾಗ ಅಲಗು ತಾನಾಗಿ ಹಿಮಕ್ಕೆ ಸಿಕ್ಕಿಕೊಳ್ಳಬಾರದು ಅನ್ನುವುದು ಅದಕ್ಕೆ ಕಾರಣ. ಪಕ್ಕದ ಮುಖವನ್ನು ಎರಡು ಮೂರು ಡಿಗ್ರಿ ಒಳಕ್ಕೆ ಅರೆಯುತ್ತಾರೆ. ಮೂಲೆ 90 ಡಿಗ್ರಿಗಿಂತ ಚೂಪಾದರೆ ಗಟ್ಟಿ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಕೆಳಮುಖವನ್ನು ಒಮ್ಮೆ ಹೆಚ್ಚು ಅರೆದರೆ ಅದನ್ನು ಸರಿಪಡಿಸಲು ಇಡೀ ತಳವನ್ನು ಯಂತ್ರಕ್ಕೆ ಕೊಟ್ಟು ಉಜ್ಜಿಸಬೇಕು. ಆದ್ದರಿಂದ ಅನುಭವಿಗಳು ಅರವನ್ನು ಪಕ್ಕದ ಮುಖಕ್ಕೇ ಹಚ್ಚುತ್ತಾರೆ, ಕೆಳಮುಖವನ್ನು ಅಪರೂಪಕ್ಕೆ ಮುಟ್ಟುತ್ತಾರೆ.

ಈ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಬೋರ್ಡನ್ನು ಮೇಜಿಗೆ ಬಿಗಿದ ಮೇಲೆ ಮೊದಲು ಕೈಗೆ ಬರುವುದು ಶಾಲಾ ಮಕ್ಕಳ ಬಳಿಯಿರುವಂಥ ಮಾರ್ಕರ್ ಪೆನ್ನು. ಅಲಗಿನ ಉದ್ದಕ್ಕೂ ಕಪ್ಪು ಬಳಿಯುತ್ತಾರೆ. ಆಮೇಲೆ ಕೋನ ಹಿಡಿದಿಡುವ ಚೌಕಟ್ಟಿಗೆ ಅರ ಸಿಗಿಸಿ ಒಂದೇ ಸಲ, ಮೆಲ್ಲಗೆ, ಒಂದೇ ದಿಕ್ಕಿಗೆ ಎಳೆಯುತ್ತಾರೆ. ಕಪ್ಪು ಪೂರ್ತಿ ಹೋದರೆ ಅರದ ಕೋನವೂ ಅಲಗಿನ ಕೋನವೂ ಒಂದೇ. ಮೇಲಂಚಿನಲ್ಲಿ ಮಾತ್ರ ಹೋಗಿ ಕೆಳಗೆ ಗೀರು ಉಳಿದರೆ ಕೋನ ತಪ್ಪಿದೆ. ಅಳೆಯುವ ಯಂತ್ರ ಬೇಡ, ಶಾಯಿಯೇ ಹೇಳುತ್ತದೆ.

ಅರ ಆಡಿದ ಮೇಲೆ ಅಂಚಿನಲ್ಲಿ ಕೂದಲಿಗಿಂತ ಸಣ್ಣ ಉಕ್ಕಿನ ಮುಳ್ಳುಗಳು ಏಳುತ್ತವೆ. ವಜ್ರದ ಪುಡಿ ಕೂರಿಸಿದ ಕಲ್ಲನ್ನು ನೀರಿನಲ್ಲಿ ಅದ್ದಿ ಸವರಿದರೆ ಅವು ಹೋಗುತ್ತವೆ. ಬಂಡೆಗೆ ಉಜ್ಜಿದ ಕಡೆ ಉಕ್ಕು ಬಿಸಿಯಾಗಿ ಬಿರುಸಾಗಿರುತ್ತದೆ, ಅಲ್ಲಿ ಅರ ಜಾರುತ್ತದೆ. ಅಲ್ಲಿಗೆ ಮೊದಲು ಕಲ್ಲು, ಆಮೇಲೆ ಅರ. ಕೊನೆಯ ಪರೀಕ್ಷೆ ಉಗುರಿನದು. ಅಲಗಿಗೆ ಅಡ್ಡಲಾಗಿ ಉಗುರು ಎಳೆದಾಗ ಬಿಳಿ ಪುಡಿ ಉದುರಿದರೆ ಹರಿತ ಬಂದಂತೆ. ಕುಲುಮೆಯ ಮುಂದೆ ಕುಡದ ಮೇಲೆ ಆಡುವ ಹೆಬ್ಬೆರಳಿಗೂ ಈ ಉಗುರಿಗೂ ಸಾವಿರಾರು ಮೈಲಿ ದೂರವಿದೆ, ಮಾಡುವ ಕೆಲಸ ಮಾತ್ರ ಒಂದೇ.

ತಳಕ್ಕೆ ಮೇಣ. ಬೋರ್ಡಿನ ತಳ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನದು. ಮೇಣವನ್ನು ಇಸ್ತ್ರಿಪೆಟ್ಟಿಗೆಯಂಥ ಬಿಸಿ ಪೆಟ್ಟಿಗೆಗೆ ಒತ್ತಿ, ತೊಟ್ಟಿಕ್ಕಿಸಿ, ತಳದುದ್ದಕ್ಕೂ ಹರಡುತ್ತಾರೆ. ಪೆಟ್ಟಿಗೆ ಒಂದೇ ಕಡೆ ನಿಲ್ಲಬಾರದು, ನಿಂತರೆ ತಳ ಸುಟ್ಟು ಕೆಡುತ್ತದೆ. ತಣ್ಣಗಾದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು, ಬ್ರಷ್ಷಿನಿಂದ ಉಜ್ಜಿ ಹೊಳಪು ತರುತ್ತಾರೆ. ಕೊರೆಯುವ ಚಳಿಯಲ್ಲಿ ಹಿಮದ ಹರಳು ಚೂಪು, ಅದಕ್ಕೆ ಗಟ್ಟಿ ಮೇಣ. ಬಿಸಿಲೇರಿ ಹಿಮ ಒದ್ದೆಯಾದರೆ ಮೆತ್ತನೆಯದು. ವೇಗ ಹೆಚ್ಚಿಸುತ್ತಿದ್ದ ಫ್ಲೋರಿನ್ ಬೆರೆತ ಮೇಣವನ್ನು ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023–24ರ ಋತುವಿನಿಂದ ಸ್ಪರ್ಧೆಗಳಲ್ಲಿ ಪೂರ್ತಿ ನಿಷೇಧಿಸಿತು. ಅದರ ರಾಸಾಯನಿಕಗಳು ಮಣ್ಣು ನೀರಿನಲ್ಲಿ ನಾಶವಾಗದೆ ಉಳಿಯುತ್ತವೆ, ಮೇಣ ಕಾಯಿಸುವವರ ಆರೋಗ್ಯಕ್ಕೂ ಕೆಟ್ಟವು. ಒಳ್ಳೆಯ ನಿರ್ಧಾರ.

ಇಷ್ಟು ಸೂಕ್ಷ್ಮ ಏಕೆ ಎಂಬುದಕ್ಕೆ 2018ರ ಪಿಯಾಂಗ್‌ಚಾಂಗ್ ಒಲಿಂಪಿಕ್ಸ್ ನೋಡಬೇಕು. ಜೆಕ್ ದೇಶದ ಎಸ್ತರ್ ಲೆಡೆಟ್ಸ್ಕಾ ಅಲ್ಲಿ ಮೊದಲು ಸ್ಕೀ ಓಟದ ಸೂಪರ್–ಜಿ ಗೆದ್ದರು. ಕಾಲಲ್ಲಿದ್ದದ್ದು ಅಮೆರಿಕದ ಮಿಕೇಲಾ ಶಿಫ್ರಿನ್ ಹಿಂದೆ ಬಳಸಿದ್ದ ಸ್ಕೀ ಜೋಡಿ. ಗೆಲುವಿನ ಅಂತರ ಒಂದು ಸೆಕೆಂಡಿನ ನೂರನೇ ಒಂದು ಭಾಗ. ವಾರದ ಬಳಿಕ ಕಾರ್ವಿಂಗ್ ಬೋರ್ಡಿನ ಮೇಲೆ ಪ್ಯಾರಲಲ್ ಜೈಂಟ್ ಸ್ಲಾಲಮ್‌ನಲ್ಲೂ ಚಿನ್ನ. ಒಂದೇ ಕೂಟದಲ್ಲಿ ಸ್ಕೀ, ಸ್ನೋಬೋರ್ಡ್ ಎರಡರಲ್ಲೂ ಚಿನ್ನ ಗೆದ್ದ ಮೊದಲಿಗರು ಅವರು. ನೂರನೇ ಭಾಗದ ಲೆಕ್ಕದಲ್ಲಿ ಗೆಲುವು ಸೋಲು ತೀರ್ಮಾನವಾಗುವಾಗ ಹಿಂದಿನ ರಾತ್ರಿ ಮೇಜಿನ ಮುಂದೆ ನಿಂತು ಅರ ಎಳೆದವರ ಪಾಲೂ ಅದರಲ್ಲಿದೆ.

ನಮ್ಮ ದೇಶದಲ್ಲಿ ಈ ಆಟಗಳಿಗೆ ದೊಡ್ಡ ಆಸರೆ ಕಾಶ್ಮೀರದ ಗುಲ್ಮಾರ್ಗ್. 2020ರಲ್ಲಿ ಶುರುವಾದ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟಕ್ಕೆ ಅದೂ ನೆಲೆಯಾಗಿದೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದ ಸ್ಕೀ ಆಟಗಾರ ಆರಿಫ್ ಖಾನ್ ಬೆಳೆದದ್ದೂ ಆ ಇಳಿಜಾರಿನಲ್ಲೇ. ಅವರ ತಂದೆ ಅಲ್ಲಿ ಸ್ಕೀ ಸಲಕರಣೆಗಳ ಅಂಗಡಿ ಇಟ್ಟಿದ್ದವರು. ಸಲಕರಣೆಯ ನಡುವೆ ಬೆಳೆದ ಹುಡುಗ ಮುಂದೆ ಒಲಿಂಪಿಕ್ಸ್‌ಗೆ ಹೋದದ್ದು ಆಶ್ಚರ್ಯವಲ್ಲ.

ಕನ್ನಡಿಗರಿಗೂ ಈ ಕಥೆಯಲ್ಲಿ ಪಾಲಿದೆ. ಹಿಮವೇ ಇಲ್ಲದ ಕೊಡಗಿನಿಂದ ಹೋದ ತೆಕ್ಕಡ ಭವಾನಿ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಗುಲ್ಮಾರ್ಗ್‌ನ ಖೇಲೊ ಇಂಡಿಯಾ ಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. ಅವರ ಆಟ ಕಾರ್ವಿಂಗ್ ಅಲ್ಲ, ಬಯಲು ಏರು ಇಳಿತ ಎಲ್ಲವನ್ನೂ ಕಾಲಬಲದಿಂದ ದಾಟುವ ಓಟ. ಅಲ್ಲಿ ಉಕ್ಕಿನ ಅಲಗಿಗಿಂತ ಮೇಣದ್ದೇ ದೊಡ್ಡ ಮಾತು. ಕ್ಲಾಸಿಕ್ ಶೈಲಿಯಲ್ಲಿ ಸ್ಕೀಯ ನಡುಭಾಗಕ್ಕೆ ಹಿಮವನ್ನು ಹಿಡಿಯುವ ಮೇಣ, ಎರಡು ತುದಿಗೆ ಜಾರುವ ಮೇಣ. ಒಂದೇ ಹಲಗೆ ಒದ್ದಾಗ ಹಿಡಿಯಬೇಕು, ಬಿಟ್ಟಾಗ ಜಾರಬೇಕು. ಬೆಳಗಿನ ಹಿಮ ನೋಡಿ ಹಚ್ಚಿದ ಮೇಣ ಮಧ್ಯಾಹ್ನದ ಹೊತ್ತಿಗೆ ಕೈಕೊಡಬಹುದು. ಯುರೋಪಿನ ಬಲಿಷ್ಠ ತಂಡಗಳು ಇದೊಂದೇ ಕೆಲಸಕ್ಕೆ ತಂತ್ರಜ್ಞರ ದಂಡನ್ನೇ ಕರೆದೊಯ್ಯುತ್ತವೆ.

ಇಲ್ಲಿ ನಮ್ಮ ಕ್ರೀಡಾ ಇಲಾಖೆಯ ಮುಂದೆ ಒಂದು ಬೇಡಿಕೆ ಇಡಬೇಕಾಗಿದೆ. ಗುಲ್ಮಾರ್ಗ್‌ಗೆ ರಾಜ್ಯದ ತಂಡ ಹೊರಡುವಾಗ ಆಟಗಾರರ ಪಟ್ಟಿಯ ಜೊತೆ ಅಲಗು, ಮೇಣ ಬಲ್ಲ ಒಬ್ಬ ತಂತ್ರಜ್ಞನ ಹೆಸರೂ ಇರಲಿ. ಇದನ್ನು ಕಲಿಯಲು ಹಿಮದ ನಾಡಿನಲ್ಲೇ ಹುಟ್ಟಬೇಕಿಲ್ಲ. ಅರ ಹಿಡಿದ ಕೈ, ಕೋನ ಗುರುತಿಸುವ ಕಣ್ಣು ಬೇಕು. ಹಾವೇರಿ ಜಿಲ್ಲೆಯ ಐಟಿಐಗಳಲ್ಲಿ ಫಿಟ್ಟರ್ ಕಲಿತ ಹುಡುಗರಿಗೆ, ಕುಲುಮೆಯ ಮುಂದೆ ಬೆಳೆದ ಮಕ್ಕಳಿಗೆ ಒಂದು ಚಳಿಗಾಲದ ತರಬೇತಿ ಕೊಟ್ಟರೆ ಈ ವಿದ್ಯೆ ಒಲಿಯುತ್ತದೆ.

ಇನ್ನು ಪ್ರವಾಸಕ್ಕೆಂದು ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಹೋಗಿ ಮೊದಲ ಬಾರಿ ಬೋರ್ಡು ಬಾಡಿಗೆಗೆ ಪಡೆಯುವವರು ಹಣ ಕೊಡುವ ಮುಂಚೆ ಐದು ನಿಮಿಷ ತೆಗೆದುಕೊಳ್ಳಿ. ಬೂಟು ಹಾಕಿ ಮೊಣಕಾಲು ಬಗ್ಗಿಸಿ ನೋಡಿ, ಹಿಮ್ಮಡಿ ಮೇಲೇಳಬಾರದು. ಕಾಲುಕಟ್ಟಿನ ತಿರುಪುಗಳೆಲ್ಲ ಬಿಗಿಯಾಗಿವೆಯೇ ಎಂದು ಕೈಯಾರೆ ಅಲುಗಿಸಿ ನೋಡಿ. ಎರಡೂ ಅಂಚಿಗೆ ಉಗುರು ಎಳೆಯಿರಿ. ಉಕ್ಕು ತುಕ್ಕು ಹಿಡಿದು, ಉಗುರು ಸುಮ್ಮನೆ ಜಾರಿದರೆ ಬೇರೆ ಬೋರ್ಡು ಕೇಳಿ.